ಕಡಲು ಮೂಡಕ್ಕಿದ್ದ ಊರಲ್ಲಿ ಎರಡು ವರ್ಷ

ಬುಸಾನಿಗೆ ಹೋಗಿ ಇಳಿದ ಮೊದಲನೇ ಭಾನುವಾರ ನಾನು ಗ್ವಾಂಗಲ್ಲಿ ಬೀಚಿಗೆ ಸೂರ್ಯಾಸ್ತ ನೋಡ್ಲಿಕ್ಕೆ ಹೋದೆ. ನಾನು ಸುರತ್ಕಲ್ ಕಡೆಯವ, ನಮಗೆ ಸಮುದ್ರ ಅಂದ್ರೆ ಸಂಜೆ, ಸಂಜೆ ಅಂದ್ರೆ ಸೂರ್ಯ ನೀರಿಗಿಳಿಯೋದು, ಇದ್ರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು ಹೇಳಿ. ಅಂಗಡಿಯಿಂದ ಸಿಗಡಿ ರುಚಿದು ಒಂದು ಚಿಪ್ಸ್ ಪ್ಯಾಕೆಟ್ ತಗೊಂಡು ಮರಳಲ್ಲಿ ಕೂತೆ, ಎದುರಿಗೆ ಆ ಉದ್ದದ ಗ್ವಾಂಗಾನ್ ಸೇತುವೆ, ಕಾದೆ, ಕಾದೆ, ಪ್ಯಾಕೆಟ್ ಖಾಲಿ ಆಯ್ತು, ಬೆಳಕು ಕಮ್ಮಿ ಆಗ್ತಾ ಬಂತು, ಸೂರ್ಯನ ಪತ್ತೆ ಇಲ್ಲ. ಮೋಡ ಇರ್ಬೇಕು ಅಂತ ತಿರುಗಿ ನೋಡಿದ್ರೆ ಅವ ಬೆನ್ನ ಹಿಂದಿನ ಗುಡ್ಡದ ಆಚೆ ಅಪಾರ್ಟ್‌ಮೆಂಟುಗಳ ಹಿಂದೆ ಆಗಲೇ ಮುಳುಗಿ ಆಗಿತ್ತು. ಬೀಚಲ್ಲಿ ಇದ್ದವರೆಲ್ಲ ಸೇತುವೆಯ ಲೈಟ್ ಹತ್ತೋದನ್ನು ಕಾಯ್ತಾ ಇದ್ರು, ಸೂರ್ಯನನ್ನು ಕಾಯ್ತಾ ಇದ್ದ ಪುಣ್ಯಾತ್ಮ ನಾನೊಬ್ಬನೇ.

ದಕ್ಷಿಣ ಕೊರಿಯಾದ ಆಗ್ನೇಯ ಮೂಲೆಯಲ್ಲಿರೋ ಊರು ಅದು, ಕಡಲು ಇರೋದು ಮೂಡಕ್ಕೆ ಮತ್ತೆ ತೆಂಕಿಗೆ. ಮ್ಯಾಪಲ್ಲಿ ನೋಡಿ ನನಗೆ ಗೊತ್ತಿತ್ತು. ಆದ್ರೆ ತಲೆಗೆ ಗೊತ್ತಿರೋದು ಬೇರೆ, ಕಾಲಿಗೆ ಗೊತ್ತಿರೋದು ಬೇರೆ. ನಮ್ಮೂರಲ್ಲಿ ಮಕ್ಕಳಿಗೂ ದಿಕ್ಕು ಗೊತ್ತು, ಇಳಿಜಾರು ಕಡಲ ಕಡೆಗೆ, ಕಡಲು ಪಡುವಿಗೆ, ಅಲ್ಲಿಗೆ ಮುಗೀತು. ಮೂಡುಬಿದಿರೆ, ಪಡುಬಿದ್ರಿ ಅಂತ ಊರಿನ ಹೆಸರಲ್ಲೇ ದಿಕ್ಕು ಇಟ್ಟುಕೊಂಡವರು ನಾವು. ಬುಸಾನಲ್ಲಿ ಮೆಟ್ರೋ ಸ್ಟೇಷನ್ನಿಂದ ಹೊರಗೆ ಬಂದು ಕಡಲ ಗಾಳಿ ಮುಖಕ್ಕೆ ಬಡಿದ ಕೂಡ್ಲೇ ನನ್ನ ತಲೆ ತಾನಾಗಿಯೇ ಅದು ಪಡು ಅಂತ ಬರ್ಕೊಳ್ತಿತ್ತು, ಆಮೇಲೆ ಬಲಕ್ಕೆ ಹೋಗ್ಬೇಕಾದಲ್ಲಿ ಎಡಕ್ಕೆ. ಮೇಲಿಂದ ಆಗ ಕೊರಿಯಾದಲ್ಲಿ ಗೂಗಲ್ ಮ್ಯಾಪ್ ನಡೆಯೋ ದಾರಿ ತೋರಿಸ್ತಿರ್ಲಿಲ್ಲ, ದೇಶದ ಭದ್ರತೆ ಅಂತ ಹೇಳಿ ವಿವರವಾದ ನಕ್ಷೆಯ ಡೇಟಾ ಅವ್ರು ಹೊರಗೆ ಕೊಟ್ಟಿರ್ಲಿಲ್ಲ, ಅಲ್ಲಿಯವರದ್ದೇ ನಾವೆರ್ ಮ್ಯಾಪ್ ಹಾಕ್ಕೊಳ್ಬೇಕು ಅಂತ ಯಾರೂ ಹೇಳಿರ್ಲಿಲ್ಲ ನಂಗೆ. ಮೊದಲ ಎರಡು ವಾರ ನಾನು ಬುಸಾನಲ್ಲಿ ನಡೆದಷ್ಟು ಊರಲ್ಲಿ ಎರಡು ವರ್ಷದಲ್ಲಿ ನಡೆದಿಲ್ಲ.

ಹೋದದ್ದು 2022ರ ಆಗಸ್ಟ್ ಕೊನೆಗೆ, ಮೀನು ಕೆಡದ ಹಾಗೆ ಇಡೋ ವಿಷಯದಲ್ಲಿ ಒಂದು ಲ್ಯಾಬಲ್ಲಿ ಎರಡು ವರ್ಷದ ರಿಸರ್ಚ್ ಕೆಲಸ. ಮನೆ ಸಿಗೋ ತನಕ ಗೋಶಿವೊನಲ್ಲಿ ಇದ್ದೆ. ಗೋಶಿವೊನ್ ಅಂದ್ರೆ ಪರೀಕ್ಷೆಗೆ ಓದುವವರಿಗೆ ಅಂತ ಕಟ್ಟಿದ ಪುಟ್ಟ ಪುಟ್ಟ ರೂಮು, ಕೈ ಚಾಚಿದ್ರೆ ಎರಡೂ ಗೋಡೆ ಸಿಗ್ತದೆ, ಡೆಪಾಸಿಟ್ ಬೇಡ, ಅನ್ನ ಮತ್ತೆ ಕಿಮ್ಚಿ ಫ್ರೀ. ಕಿಟಕಿ ಬೇಕಾದ್ರೆ ಬಾಡಿಗೆ ಜಾಸ್ತಿ. ನಾನು ಕಿಟಕಿ ಇಲ್ಲದ್ದು ತಗೊಂಡೆ, ಎರಡು ವಾರಕ್ಕೆ ಕಿಟಕಿ ಯಾಕೆ ಅಂತ.

ಹತ್ತು ದಿನ ಆಗಿರ್ಲಿಕ್ಕಿಲ್ಲ, ಹಿನ್ನಮ್ನೊರ್ ಅಂತ ಒಂದು ಟೈಫೂನ್ ಬಂತು. ಸೆಪ್ಟೆಂಬರ್ 5ರ ರಾತ್ರಿ ಇಡೀ ಕಾರಿಡಾರಲ್ಲಿದ್ದ ಎಲ್ಲರ ಫೋನೂ ಒಟ್ಟಿಗೇ ಕಿರುಚೋದು, ಎಮರ್ಜೆನ್ಸಿ ಮೆಸೇಜು, ನನಗೆ ಅದ್ರಲ್ಲಿ ಒಂದಕ್ಷರ ಗೊತ್ತಾಗ್ಲಿಲ್ಲ. ಕಿಟಕಿ ಇಲ್ಲದ ರೂಮಲ್ಲಿ ಗಾಳಿ ಕಾಣೋದಿಲ್ಲ, ಕೇಳೋದು ಮಾತ್ರ, ಅದು ಕಾಣೋದಕ್ಕಿಂತ ಕಷ್ಟ. ಬೆಳಗ್ಗೆ ಎದ್ದು ಗ್ವಾಂಗಲ್ಲಿಗೆ ಹೋದ್ರೆ ಆಕಾಶ ತೊಳೆದಿಟ್ಟ ಹಾಗೆ ನೀಲಿ, ರಸ್ತೆಯಲ್ಲಿ ಮಾತ್ರ ಬೀಚು. ಅಂದ್ರೆ ಬೀಚಿನ ಮರಳು ಪೂರ್ತಿ ಡಾಂಬರು ರಸ್ತೆ ಮೇಲೆ ಬಂದು ಬಿದ್ದಿತ್ತು, ಕೆಲವು ಕೆಫೆಗಳ ಗಾಜು ಪುಡಿ. ಮಧ್ಯಾಹ್ನದ ಒಳಗೆ ಅಂಗಡಿಯವ್ರು, ಕಾರ್ಪೊರೇಷನಿನವ್ರು, ಎಲ್ಲಿಂದಲೋ ಬಂದ ಹುಡುಗ್ರು ಸಲಿಕೆ ಹಿಡ್ಕೊಂಡು ಆ ಮರಳನ್ನು ವಾಪಸ್ ಅದರ ಜಾಗಕ್ಕೆ ಹಾಕ್ತಾ ಇದ್ರು. ನನಗೆ ಉಳ್ಳಾಲ ನೆನಪಾಯ್ತು, 2021ರ ತೌಕ್ತೆ ಚಂಡಮಾರುತದ ಟೈಮಲ್ಲಿ ಅಲ್ಲಿ ಕಡಲ್ಕೊರೆತಕ್ಕೆ ಹೋದ ಮನೆ, ತೆಂಗಿನಮರ, ರಸ್ತೆ. ನಮ್ಮಲ್ಲಿ ಪ್ರತಿ ಮಳೆಗಾಲ ಕಲ್ಲು ತಂದು ಹಾಕ್ತಾರೆ, ಮುಂದಿನ ಮಳೆಗಾಲಕ್ಕೆ ಕಡಲು ಅದನ್ನು ತಗೊಂಡು ಹೋಗ್ತದೆ. ಹೋಗ್ಲಿ ಬಿಡಿ, ಅದು ಬೇರೆಯೇ ಪುರಾಣ.

ಆಮೇಲೆ ಕಾರ್ಡಿನ ಕಥೆ. ವಿದೇಶಿಯರು ಬಂದ 90 ದಿನದೊಳಗೆ ಇಮಿಗ್ರೇಷನ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿ ಒಂದು ಗುರುತಿನ ಕಾರ್ಡ್ ತಗೊಳ್ಬೇಕು. 90 ದಿನ ಉಂಟಲ್ಲ, ನಿಧಾನಕ್ಕೆ ಮಾಡುವಾ ಅಂತ ಬಿಡ್ಲಿಕ್ಕೆ ಆಗೋದಿಲ್ಲ, ಯಾಕಂದ್ರೆ ಆ ಕಾರ್ಡ್ ಇಲ್ಲದೆ ನಿಮ್ಮ ಹೆಸರಲ್ಲಿ ಸರಿಯಾದ ಫೋನ್ ಕನೆಕ್ಷನ್ ಸಿಗೋದಿಲ್ಲ, ನಿಮ್ಮ ಹೆಸರಿನ ಫೋನ್ ಇಲ್ಲದೆ ಯಾವ ಆ್ಯಪಲ್ಲೂ ನೀವು ನೀವೇ ಅಂತ ಸಾಬೀತು ಮಾಡ್ಲಿಕ್ಕಾಗೋದಿಲ್ಲ, ಸಾಬೀತು ಆಗದೆ ಆನ್‌ಲೈನಲ್ಲಿ ಒಂದು ಚಾಪೆ ಕೂಡ ತರಿಸ್ಲಿಕ್ಕಾಗೋದಿಲ್ಲ. ಅಪಾಯಿಂಟ್‌ಮೆಂಟ್ ಸಿಕ್ಕಿದ್ದೇ ಮೂರು ವಾರದ ನಂತ್ರ. ಹೋಗಿ ಕೂತೆ. ಕೌಂಟರಲ್ಲಿ ಯಾರದ್ದೋ ಹೆಸರು ಕರೀತಾ ಇದ್ರು, ಎರಡು ಸಲ ಕರೆದ್ರು, ಮೂರನೇ ಸಲಕ್ಕೆ ನನಗೆ ಹೊಳೀತು, ಅದು ನನ್ನ ಅಪ್ಪನ ಹೆಸರು! ಪಾಸ್‌ಪೋರ್ಟಲ್ಲಿ ಸರ್‌ನೇಮ್ ಅನ್ನೋ ಜಾಗದಲ್ಲಿ ಅಪ್ಪನ ಹೆಸರು ಹಾಕಿಸಿದ್ದು ನಾನೇ, ಇನಿಶಿಯಲ್ ಇಟ್ಟುಕೊಂಡ ನಮ್ಮವರದ್ದೆಲ್ಲ ಇದೇ ಕಥೆ. ಸುರತ್ಕಲಲ್ಲಿ ಅಂಗಡಿ ಜಗಲಿಯಲ್ಲಿ ಕೂತು ಪೇಪರ್ ಓದ್ತಿರೋ ನನ್ನ ಅಪ್ಪನನ್ನು ಕೊರಿಯಾ ಸರ್ಕಾರ ಎರಡು ವರ್ಷ ಕರೀತಾ ಇತ್ತು, ಹೋದಲ್ಲೆಲ್ಲ ನಾನು ಎದ್ದು ನಿಲ್ತಿದ್ದೆ. ಹತ್ತೂ ಬೆರಳಿನ ಗುರುತು ತಗೊಂಡ್ರು, ಸುಮಾರು ಮೂರು ವಾರಕ್ಕೆ ಕಾರ್ಡ್ ಬಂತು. ಒಂದು ಬ್ಯಾಂಕಲ್ಲಿ ಮಾತ್ರ ಅಕೌಂಟಿನ ಹೆಸರಿಗೂ ಕಾರ್ಡಿನ ಹೆಸರಿಗೂ ನಡುವೆ ಒಂದು ಸ್ಪೇಸ್ ಜಾಸ್ತಿ ಆಗಿದೆ ಅಂತ ನಾಲ್ಕು ಸಲ ಅಲೆಸಿದ್ರು. ಒಂದು ಸ್ಪೇಸಿಗೆ, ಮಾರಾಯ್ರೆ, ನಾಲ್ಕು ಸಲ.

ಮನೆ ಹುಡುಕೋದ್ರಲ್ಲಿ ಮೊದಲು ಕಲಿಬೇಕಾದ್ದು ಲೆಕ್ಕ. ಬ್ರೋಕರ್ ಅಂಗಡಿಗೆ ಅಲ್ಲಿ ಬುದೊಂಗ್‌ಸಾನ್ ಅಂತಾರೆ, ಗಾಜಿನ ತುಂಬ ಚೀಟಿ ಅಂಟಿಸಿರ್ತಾರೆ, 500/35, 1000/40 ಹೀಗೆ. ನಮಗೆ ಲಕ್ಷ ಇದ್ದ ಹಾಗೆ ಅವರಿಗೆ ಹತ್ತು ಸಾವಿರ ಅನ್ನೋದು ಒಂದು ಅಳತೆ, ಅದಕ್ಕೆ ಮಾನ್ ಅಂತಾರೆ. 500 ಮಾನ್ ಅಂದ್ರೆ 50 ಲಕ್ಷ ವಾನ್ ಡೆಪಾಸಿಟ್, ಆಗಿನ ರೇಟಲ್ಲಿ ನಮ್ಮ ಸುಮಾರು ಮೂರು ಲಕ್ಷ ರೂಪಾಯಿ, 35 ಅನ್ನೋದು ತಿಂಗಳ ಬಾಡಿಗೆ, ಮೂರೂವರೆ ಲಕ್ಷ ವಾನ್, ಇಪ್ಪತ್ತು ಸಾವಿರ ಚಿಲ್ಲರೆ. ಡೆಪಾಸಿಟ್ ಜಾಸ್ತಿ ಕೊಟ್ರೆ ಬಾಡಿಗೆ ಇಳಿಸ್ತಾರೆ. ತುಂಬಾ ದೊಡ್ಡ ಮೊತ್ತ ಕೊಟ್ರೆ ಬಾಡಿಗೆಯೇ ಇಲ್ಲ, ಬಿಡುವಾಗ ಪೂರ್ತಿ ವಾಪಸ್, ಅದಕ್ಕೆ ಜೊನ್ಸೆ ಅಂತ ಹೆಸರು, ಅರ್ಥ ಆಯ್ತಲ್ಲ, ನಮ್ಮ ಭೋಗ್ಯವೇ ಅದು. ಕೊರಿಯಾದ ವಿಶೇಷ ಪದ್ಧತಿ ಅಂತ ಲ್ಯಾಬಿನವ್ರು ಅರ್ಧ ಗಂಟೆ ವಿವರಿಸಿದ್ರು, ನಾನು ಒಂದೇ ಶಬ್ದದಲ್ಲಿ ಅರ್ಥ ಮಾಡ್ಕೊಂಡೆ.

ಬುದೊಂಗ್‌ಸಾನಿನ ಹೆಂಗಸು ನನ್ನನ್ನು ಗುಡ್ಡ ಹತ್ತಿಸಿದ್ರು. ಬುಸಾನ್ ಪೂರ್ತಿ ಗುಡ್ಡದ ಊರು, ಹೆಸರಲ್ಲಿರೋ ಸಾನ್ ಅಂದ್ರೇನೇ ಬೆಟ್ಟ. 1950ರಿಂದ 53ರ ಯುದ್ಧದ ಟೈಮಲ್ಲಿ ಇದೇ ತಾತ್ಕಾಲಿಕ ರಾಜಧಾನಿ ಆಗಿತ್ತು, ನಿರಾಶ್ರಿತರು ಬಂದು ಬಂದು ಸಮತಟ್ಟು ಜಾಗ ಮುಗಿದ ಮೇಲೆ ಗುಡ್ಡದ ಮೈಗೆ ಮನೆ ಅಂಟಿಸಿದ್ರು, ಆ ಓಣಿಗಳು ಈಗಲೂ ಹಾಗೇ ಉಂಟು, ಬರೀ ಮೆಟ್ಟಿಲು. ನಾಲ್ಕನೇ ರೂಮಿಗೆ ಹೋದಾಗ ಆ ಹೆಂಗಸು ಪರದೆ ಸರಿಸಿ ನಾಮ್‌ಹ್ಯಾಂಗ್ ನಾಮ್‌ಹ್ಯಾಂಗ್ ಅಂತ ಮೂರು ಸಲ ಹೇಳಿದ್ರು, ಚಿನ್ನ ಸಿಕ್ಕಿದವರ ಹಾಗೆ ಮುಖ. ನಾಮ್‌ಹ್ಯಾಂಗ್ ಅಂದ್ರೆ ತೆಂಕು ಮುಖ. ರಾತ್ರಿ ಅಮ್ಮನಿಗೆ ವೀಡಿಯೋ ಕಾಲಲ್ಲಿ ಹೇಳಿದೆ, ರೂಮು ಸಿಕ್ತು, ದಕ್ಷಿಣಕ್ಕೆ ಮುಖ ಮಾಡಿದೆ, ಇಲ್ಲಿ ಅದೇ ಶ್ರೇಷ್ಠ ಅಂತೆ ಅಂತ. ಅಮ್ಮ ಒಂದು ನಿಮಿಷ ಮಾತಾಡ್ಲಿಲ್ಲ.

"ಅಷ್ಟು ದೊಡ್ಡ ಊರಲ್ಲಿ ನಿಂಗೆ ಯಮನ ದಿಕ್ಕಿಂದೇ ಮನೆ ಸಿಕ್ಕಿದ್ದಾ?"

ಕಿಟಕಿ ಅಮ್ಮ, ಬಾಗಿಲಲ್ಲ, ಬಾಗಿಲು ಬಡಗಿಗೆ ಅಂತ ಸಮಾಧಾನ ಮಾಡಿದೆ. ನಾಮ್‌ಹ್ಯಾಂಗಿನ ಬೆಲೆ ನನಗೆ ಗೊತ್ತಾದದ್ದು ಜನವರಿಯಲ್ಲಿ, ಚಳಿಗಾಲದಲ್ಲಿ ಸೂರ್ಯ ತೆಂಕು ಬದಿಯಲ್ಲಿ ಕೆಳಗೆ ಕೆಳಗೇ ಹೋಗೋದು, ತೆಂಕು ಕಿಟಕಿ ಇದ್ರೆ ಬಿಸಿಲು ಕೋಣೆಯ ಒಳಗಿನ ಗೋಡೆ ತನಕ ಬಂದು ಮಲಗ್ತದೆ, ಗ್ಯಾಸ್ ಬಿಲ್ ಉಳೀತದೆ. ಅಲ್ಲಿ ಬಿಸಿ ಮಾಡೋದು ಗಾಳಿಯನ್ನಲ್ಲ ನೆಲವನ್ನು, ನೆಲದ ಕೆಳಗಿನ ಪೈಪಲ್ಲಿ ಬಿಸಿನೀರು ಓಡ್ತದೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಬರಿಗಾಲಲ್ಲಿ ನಿಂತ್ರೆ ಸ್ವರ್ಗ. ನಾನು ಹಾಸಿಗೆ ಬಿಟ್ಟು ನೆಲದಲ್ಲೇ ಮಲಗ್ತಾ ಇದ್ದೆ. "ಕಡಲು ಕಾಣ್ತದೆ" ಅಂತಾನೂ ಹೇಳಿದ್ರು ಆ ಹೆಂಗಸು. ಕಾಣ್ತಿತ್ತು, ಎರಡು ಬಿಲ್ಡಿಂಗಿನ ನಡುವೆ, ಒಂದು ಗೇಣು.

ಕೆಳಗಿನ ಮನೆಯಲ್ಲಿ ಓನರ್ ಅಜ್ಜಿ. ಎಪ್ಪತ್ತು ದಾಟಿದವ್ರು, ಗುಂಗುರು ಕೂದಲು, ಗಟ್ಟಿ ಸ್ವರ. ನಮ್ಮಿಬ್ಬರ ಪರಿಚಯ ಆದದ್ದು ಕಸದ ಡಬ್ಬಿ ಹತ್ರ. ಕೊರಿಯಾದಲ್ಲಿ 1995ರಿಂದ ಕಸಕ್ಕೆ ದುಡ್ಡು ಕೊಟ್ಟು ಚೀಲ ತಗೊಳ್ಬೇಕು, ಆಯಾ ಏರಿಯಾದ ಹೆಸರು ಅಚ್ಚಾದ ಚೀಲ, ಅದ್ರಲ್ಲಿ ಹಾಕಿದ್ದನ್ನು ಮಾತ್ರ ಒಯ್ಯೋದು. ಅಡುಗೆ ಕಸಕ್ಕೆ ಬೇರೆಯೇ ಡಬ್ಬಿ. ನಾನು ಮೀನಿನ ಮೂಳೆ, ಮೊಟ್ಟೆ ಸಿಪ್ಪೆ, ಮತ್ತೆ ಮಾರ್ಟಲ್ಲಿ ಆಸೆಪಟ್ಟು ತಂದಿದ್ದ ಒಂದೇ ಒಂದು ತೆಂಗಿನಕಾಯಿಯ ಗೆರಟೆ ಎಲ್ಲವನ್ನೂ ಶ್ರದ್ಧೆಯಿಂದ ಅಡುಗೆ ಕಸಕ್ಕೆ ಹಾಕಿದ್ದೆ. ಅಜ್ಜಿ ಕೈಗೆ ಗ್ಲೌಸ್ ಹಾಕ್ಕೊಂಡು ಅದನ್ನು ಒಂದೊಂದಾಗಿ ಹೆಕ್ಕಿ ನನ್ನೆದುರು ಹಿಡಿದ್ರು. ಮೂಳೆ ತೋರಿಸಿ ತಲೆ ಅಲ್ಲಾಡಿಸಿದ್ರು. ಮೊಟ್ಟೆ ಸಿಪ್ಪೆ, ತಲೆ ಅಲ್ಲಾಡಿಸಿದ್ರು. ಗೆರಟೆ ಎಂತದ್ದು ಅಂತ ಅವರಿಗೆ ಗೊತ್ತಾಗ್ಲಿಲ್ಲ, ತಿರುಗಿಸಿ ತಿರುಗಿಸಿ ನೋಡಿ ಬೆರಳಲ್ಲಿ ತಟ್ಟಿ ಹಂದಿ ಹಾಗೆ ಸದ್ದು ಮಾಡಿ ಹಲ್ಲಿಂದ ಕಚ್ಚೋ ಆ್ಯಕ್ಷನ್ ಮಾಡಿದ್ರು, ಆಗದು ಅಂತ ಕೈ ಆಡಿಸಿದ್ರು. ಲ್ಯಾಬಲ್ಲಿ ಕೇಳಿದ ಮೇಲೆ ತಿಳೀತು, ಅಡುಗೆ ಕಸ ಪ್ರಾಣಿಗಳ ಮೇವು ಮತ್ತೆ ಗೊಬ್ಬರಕ್ಕೆ ಹೋಗೋದು, ಹಾಗಾಗಿ ಹಂದಿ ತಿನ್ನದ್ದು ಯಾವುದೂ ಅದಕ್ಕೆ ಹಾಕುವ ಹಾಗಿಲ್ಲ. ಎಷ್ಟೋ ಸರ್ಕಾರಿ ಬ್ರೋಷರಿಗಿಂತ ಅಜ್ಜಿಯ ಹಂದಿ ಆ್ಯಕ್ಷನ್ ಸ್ಪಷ್ಟ ಇತ್ತು.

ಇನ್ನು ಮೀನು. ಇದನ್ನು ಬರೀಲಿಕ್ಕೇ ನಾನು ಕೂತದ್ದು ಅಂತ ಹೇಳಿದ್ರೂ ಆದೀತು. ಬುಸಾನ್ ನಗರಕ್ಕೆ ಒಂದು ಅಧಿಕೃತ ಮೀನು ಉಂಟು, ಯಾವುದು ಗೊತ್ತುಂಟಾ? ಬಂಗುಡೆ! ಅಂದ್ರೆ ನಮ್ಮ ಬಂಗುಡೆಯೇ ಅಲ್ಲ, ಅದರ ದೊಡ್ಡಪ್ಪನ ಮಗ, ಅಲ್ಲಿ ಗೊದುಂಗೊ ಅಂತಾರೆ, ಉದ್ದ ಜಾಸ್ತಿ, ಎಣ್ಣೆ ಜಾಸ್ತಿ, ಬೆನ್ನ ಮೇಲೆ ಅಲೆ ಅಲೆ ಗೆರೆ. ಕೊರಿಯಾದ ಬಂಗುಡೆಯಲ್ಲಿ ಹೆಚ್ಚಿನ ಪಾಲು ಇದೇ ಊರಿನ ಧಕ್ಕೆಯಲ್ಲಿ ಇಳಿಯೋದು, ಪರ್ಸೀನ್ ಬೋಟಿನವ್ರು ತರೋದು, ನಮ್ಮಲ್ಲಿ ಜೂನ್ ಜುಲೈ ಮೀನುಗಾರಿಕೆಗೆ ರಜೆ ಇರೋ ಹಾಗೆ ಅಲ್ಲೂ ಬಂಗುಡೆಗೆ ವರ್ಷದಲ್ಲಿ ಒಂದು ತಿಂಗಳು ರಜೆ ಉಂಟು. ಅದು ತಿಳಿದ ದಿನ ನನಗೆ ಆ ಊರಿನ ಮೇಲಿದ್ದ ಅರ್ಧ ಭಯ ಹೋಯ್ತು.

ಜಗಲ್ಚಿ ಮಾರ್ಕೆಟ್ಟಿಗೆ ಶನಿವಾರ ಶನಿವಾರ ಹೋಗ್ತಿದ್ದೆ. ರಬ್ಬರ್ ಬೂಟು, ರಬ್ಬರ್ ಏಪ್ರನ್, ತಲೆಗೆ ಹೂವಿನ ಡಿಸೈನಿನ ಟೊಪ್ಪಿ ಹಾಕಿದ ಹೆಂಗಸರು, ಎದುರಿಗೆ ಕೆಂಪು ಬುಟ್ಟಿಗಳಲ್ಲಿ ಮೀನಿನ ರಾಶಿ. ಒಯಿಸೊ, ಬೊಯಿಸೊ, ಸಯಿಸೊ ಅಂತ ಅಲ್ಲಿಯ ಒಂದು ಮಾತು, ಬನ್ನಿ ನೋಡಿ ತಗೊಳ್ಳಿ ಅಂತ ಬುಸಾನ್ ಭಾಷೆಯಲ್ಲಿ. ಸಿಯೋಲ್ ಕಡೆಯವ್ರು ಆ ಊರಿನವರ ಮಾತು ಜಗಳ ಮಾಡಿದ ಹಾಗೆ ಇರ್ತದೆ ಅಂತಾರೆ, ನಮ್ಮ ಮೀನು ಮಾರ್ಕೆಟ್ಟಲ್ಲಿ ಬೆಳೆದವನಿಗೆ ಅದು ಜಗಳವೇ ಅಲ್ಲ, ಜೋಗುಳ.

ಮೀನು ಆರಿಸಿದ ಕೂಡ್ಲೇ ಒಂದೇ ಪ್ರಶ್ನೆ. "ಗುಯಿ? ಜೊರಿಮ್?" ಸುಡ್ಲಿಕ್ಕಾ, ಮೂಲಂಗಿ ಹಾಕಿ ಬೇಯಿಸ್ಲಿಕ್ಕಾ ಅಂತ. ಗುಯಿ ಅಂದ್ರೆ ಮಧ್ಯೆ ಸೀಳಿ ಪುಸ್ತಕದ ಹಾಗೆ ಬಿಡಿಸಿ ಮೇಲಿಂದ ಕಲ್ಲುಪ್ಪು ಎರಚಿ ಕೊಡ್ತಾರೆ, ಜೊರಿಮ್ ಅಂದ್ರೆ ನಾಲ್ಕು ತುಂಡು. ನನಗೆ ಎರಡೂ ಬೇಡ. ಇಡೀ ಮೀನು ಬೇಕು, ಎರಡು ಬದಿಯಲ್ಲಿ ಓರೆ ಗೀಟು ಬೇಕು ಮಸಾಲೆ ಇಳೀಲಿಕ್ಕೆ. ಮೊದಲನೇ ಸಲ ಕೈಯಲ್ಲಿ ಗೀಟು ಎಳೆದು ತೋರಿಸಿದೆ, ಆ ಹೆಂಗಸು ಚಕ್ಕನೆ ತಲೆ ಕಡಿದ್ರು. ಎರಡನೇ ವಾರ ತಲೆ ಉಳೀತು, ಮೀನು ಎರಡು ಹೋಳಾಯ್ತು. ಮೂರನೇ ವಾರ ನಾನು ಫೋನಲ್ಲಿ ಅಮ್ಮ ಮಾಡಿದ ಫ್ರೈಯ ಫೋಟೋ ತೋರಿಸಿದೆ. ಅವ್ರು ಗ್ಲೌಸ್ ಬಿಚ್ಚಿ ಫೋಟೋ ದೊಡ್ಡ ಮಾಡಿ ನೋಡಿದ್ರು, ಪಕ್ಕದವರಿಗೆ ತೋರಿಸಿದ್ರು, ಆ ಪಕ್ಕದವ್ರು ಎದುರಿನವರನ್ನು ಕರೆದ್ರು, ಅಲ್ಲೊಂದು ಸಣ್ಣ ಸಭೆಯೇ ಆಯ್ತು, ಆಮೇಲೆ ಚೂರಿ ತಗೊಂಡು ಒಂದು ಬದಿಗೆ ಮೂರು ಗೀಟು, ತಿರುಗಿಸಿ ಮೂರು ಗೀಟು. ಅವತ್ತಿಂದ ನನ್ನನ್ನು ಕಂಡ್ರೆ ಗುಯಿ ಜೊರಿಮ್ ಅಂತ ಕೇಳೋದಿಲ್ಲ, "ಇಂದೋ?" ಅಂತ ಕೇಳೋದು, ಇಂದೋ ಅಂದ್ರೆ ಅವರ ಭಾಷೆಯಲ್ಲಿ ಇಂಡಿಯಾ.

ಮಸಾಲೆಗೆ ಬ್ಯಾಡಗಿ ಇಲ್ಲ. ಆದ್ರೆ ಅವರ ಗೊಚುಗಾರು ಅಂತ ಮೆಣಸಿನ ಪುಡಿ ಉಂಟಲ್ಲ, ಬಣ್ಣ ಥೇಟ್ ಬ್ಯಾಡಗಿದು, ಖಾರ ಕಮ್ಮಿ, ಅದನ್ನು ನೆನೆಸಿ ಬೆಳ್ಳುಳ್ಳಿ ಶುಂಠಿ ಸೇರಿಸಿ ಅರೆದ್ರೆ ಪುಳಿಮುಂಚಿಗೆ ಹತ್ರ ಹತ್ರ ಬರ್ತದೆ. ಹುಣಸೆಹುಳಿ, ಕರಿಬೇವು, ಫ್ರೋಜನ್ ತೆಂಗಿನತುರಿಗೆ ಮಾತ್ರ ಗಿಮ್ಹೇಗೆ ಹೋಗ್ಬೇಕು, ಪಕ್ಕದ ಊರು, ಅಲ್ಲಿ ಹಳೇ ಪೇಟೆಯಲ್ಲಿ ಹೊರದೇಶದ ಕಾರ್ಮಿಕರಿಗೆ ಅಂತ ಅಂಗಡಿಗಳು ಉಂಟು. ಕುಚ್ಚಲಕ್ಕಿ ಎಲ್ಲೂ ಸಿಗ್ಲಿಲ್ಲ. ಅಂಟಂಟು ಅನ್ನಕ್ಕೆ ಪುಳಿಮುಂಚಿ ಕಲಸೋದು ಹೇಗಿರ್ತದೆ ಅಂತ ನಾನು ಹೇಳೋದಿಲ್ಲ, ಆ ದುಃಖ ನನಗೇ ಇರ್ಲಿ.

ಗಿಮ್ಹೇ ಅಂದ ಕೂಡ್ಲೇ ಟ್ಯಾಕ್ಸಿ ಡ್ರೈವರ್ ನೆನಪು. ಒಂದ್ಸಲ ಸಾಮಾನು ಜಾಸ್ತಿ ಆಗಿ ಟ್ಯಾಕ್ಸಿ ಹತ್ತಿದೆ, ಯಾವ ದೇಶ ಅಂದ, ಇಂದೋ ಅಂದೆ, ಅವ ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿ ಹಿಂದೆ ತಿರುಗಿ ಕೈ ಕೊಟ್ಟ, ನಾವು ಸಂಬಂಧಿಕರು ಅಂತ! 13ನೇ ಶತಮಾನದ ಸಾಮ್‌ಗುಕ್ ಯುಸಾ ಅನ್ನೋ ಅವರ ಗ್ರಂಥದಲ್ಲಿ ಒಂದು ಕಥೆ ಬರ್ತದೆ, ಕ್ರಿ.ಶ. 48ರಲ್ಲಿ ಅಯುತಾ ಅನ್ನೋ ದೇಶದ ರಾಜಕುಮಾರಿ ಹಡಗಲ್ಲಿ ಬಂದು ಅಲ್ಲಿಯ ಸುರೋ ರಾಜನನ್ನು ಮದುವೆ ಆದ್ಲು, ಕಡಲು ಶಾಂತವಾಗ್ಲಿ ಅಂತ ಹಡಗಲ್ಲಿ ಒಂದು ಕಲ್ಲಿನ ಗೋಪುರವನ್ನೇ ತಂದಿದ್ಲು ಅಂತ. ಹೊ ಹ್ವಾಂಗೊಕ್ ಅವಳ ಹೆಸರು, ಸಮಾಧಿ ಗಿಮ್ಹೇಯಲ್ಲೇ ಉಂಟು. ಗಿಮ್ಹೇ ಕಿಮ್ ಮನೆತನದವ್ರು ನಾವು ಅವಳ ಸಂತಾನ ಅಂತಾರೆ. ಅಯುತಾ ಅಂದ್ರೆ ಅಯೋಧ್ಯೆ ಅಂತ ಈಗ ಎಲ್ಲರೂ ಹೇಳೋದು, ಚರಿತ್ರೆಕಾರರಲ್ಲಿ ಒಪ್ಪದವರು ಸುಮಾರು ಜನ. ಅಯೋಧ್ಯೆಗೂ ಸುರತ್ಕಲ್ಲಿಗೂ ಎಷ್ಟು ದೂರ ಅಂತ ಅವನಿಗೆ ವಿವರಿಸುವಷ್ಟು ಕೊರಿಯನ್ ನನಗೆ ಇರ್ಲಿಲ್ಲ. ಸಂಬಂಧಿಕ ಅಂತ ಮೀಟರಲ್ಲಿ ಏನೂ ಬಿಡ್ಲಿಲ್ಲ ಅವ.

ಭಾಷೆ ಕಲಿತದ್ದು ಹೆಚ್ಚು ಅಜ್ಜಿಯಿಂದಲೇ. ಅವರು ಫೋನಲ್ಲಿ ಮಾತಾಡುವಾಗ ಮನ್ನಾ? ಮನ್ನಾ? ಅಂತ ಕೂಗ್ತಾ ಇದ್ರು, ನಾನು ಯಾರದ್ದೋ ಸಾಲ ಮನ್ನಾ ಆಯ್ತಾ ಅಂತ ಒಬ್ಬನೇ ನಗ್ತಾ ಇದ್ದೆ, ಅದು ಹೌದಾ ಅಂತ ಕೇಳೋ ಬುಸಾನ್ ಶೈಲಿ ಅಂತೆ. ನಾ ಅಂದ್ರೆ ನಾನು, ನೀ ಅಂದ್ರೆ ನೀನು, ಅಪ್ಪಾ ಅಂದ್ರೆ ಅಪ್ಪ. ಇದನ್ನು ಹಿಡ್ಕೊಂಡು ಕೊರಿಯನ್ ನಮ್ಮ ದ್ರಾವಿಡ ಭಾಷೆ ಅಂತ ವಾಟ್ಸ್ಆ್ಯಪಲ್ಲಿ ಬರ್ತದಲ್ಲ, ಭಾಷಾ ಶಾಸ್ತ್ರದವ್ರು ಅದನ್ನು ಒಪ್ಪೋದಿಲ್ಲ, ನಂಬ್ಬೇಡಿ. ಆದ್ರೆ ಹೊರದೇಶದ ಗಲ್ಲಿಯಲ್ಲಿ ಯಾವುದೋ ಮಗು ಹಿಂದಿಂದ ಅಪ್ಪಾ ಅಂತ ಓಡಿ ಬಂದಾಗ ಶಾಸ್ತ್ರ ಯಾರಿಗೆ ನೆನಪಿರ್ತದೆ.

ಆ ಊರಿನವರ ಒಂದು ಸ್ವಭಾವ ಮಾತ್ರ ನನಗೆ ಕೊನೆವರೆಗೂ ಅರ್ಥ ಆಗ್ಲಿಲ್ಲ. ಹೇವುಂದೆ ಬೀಚು ಆಗ ಆಗಸ್ಟ್ 31ಕ್ಕೆ ಕ್ಲೋಸ್ ಆಗ್ತಿತ್ತು, ಹೌದು, ಬೀಚು ಕ್ಲೋಸ್ ಆಗ್ತಿತ್ತು. ಹಿಂದಿನ ದಿನದ ತನಕ ಸಾಲು ಸಾಲು ಕೊಡೆ ಕೆಳಗೆ ಸಾವಿರಾರು ಜನ, ಸೆಪ್ಟೆಂಬರ್ 1ಕ್ಕೆ ಅದೇ ಬಿಸಿಲು, ಅದೇ ಬೆಚ್ಚಗಿನ ನೀರು, ನೀರಲ್ಲಿ ನರಪಿಳ್ಳೆ ಇಲ್ಲ. ಕ್ಯಾಲೆಂಡರ್ ನೋಡಿ ಸಮುದ್ರಕ್ಕೆ ಇಳಿಯುವವರನ್ನು ನಾನು ಅಲ್ಲೇ ನೋಡಿದ್ದು.

2023ರ ಜನವರಿ 1ಕ್ಕೆ ಲ್ಯಾಬಿನವ್ರು ಐದು ಗಂಟೆಗೇ ಎಬ್ಬಿಸಿ ಅದೇ ಹೇವುಂದೆಗೆ ಕರ್ಕೊಂಡು ಹೋದ್ರು. ವರ್ಷದ ಮೊದಲ ಸೂರ್ಯನನ್ನು ನೋಡೋದು ಅವರಿಗೆ ಹಬ್ಬ. ಮೂರು ಸ್ವೆಟರ್ ಹಾಕಿಯೂ ಗಡಗಡ. ಮರಳು ಕಾಣದಷ್ಟು ಜನ, ಯಾರೂ ಜೋರು ಮಾತಾಡೋದಿಲ್ಲ. ಏಳೂವರೆ ದಾಟಿದ ಮೇಲೆ ನೀರಿನ ಗೆರೆ ಮೇಲೆ ಒಂದು ಕುಂಕುಮದ ಚುಕ್ಕೆ, ಆಮೇಲೆ ಅದು ಉಬ್ಬಿತು. ನಮ್ಮೂರಲ್ಲಿ ಸೂರ್ಯ ಹುಟ್ಟೋದು ಘಟ್ಟದ ಕಡೆಯಿಂದ, ತೆಂಗಿನ ತೋಟದ ಸಂದಿಯಿಂದ ಕಾಣುವಾಗ ಅವ ಆಗಲೇ ಕಣ್ಣು ಕುಕ್ಕುವಷ್ಟು ಮೇಲೆ ಬಂದಿರ್ತಾನೆ. ಕಡಲಲ್ಲಿ ಹುಟ್ಟೋ ಸೂರ್ಯನನ್ನು ಮೂವತ್ತರ ಹತ್ರ ಬಂದಾಗ ಮೊದಲ ಸಲ ನೋಡಿದೆ, ಸುಳ್ಳು ಯಾಕೆ ಹೇಳ್ಲಿ, ನನಗೆ ಅದು ಸಿನಿಮಾ ರೀಲನ್ನು ಹಿಂದಕ್ಕೆ ಓಡಿಸಿದ ಹಾಗೆ ಕಂಡಿತು. ಚಂದ ಅನ್ನಿಸ್ಲಿಕ್ಕೆ ಇನ್ನೊಂದು ವರ್ಷ ಬೇಕಾಯ್ತು.

ಮನೆ ನೆನಪು ಜಾಸ್ತಿ ಆದ ದಿನ ದಾದೆಪೊಗೆ ಹೋಗ್ತಿದ್ದೆ. ಒಂದನೇ ಲೈನಿನ ಮೆಟ್ರೋದಲ್ಲಿ ಕೊನೇ ಸ್ಟೇಷನ್, ನಾಕ್‌ದೊಂಗ್ ನದಿ ಕಡಲಿಗೆ ಸೇರೋ ಅಳಿವೆ ಬಾಗಿಲು, ಆ ಊರಲ್ಲಿ ಸೂರ್ಯಾಸ್ತ ನೋಡ್ಲಿಕ್ಕೆ ಅಂತ ಜನ ಹೋಗೋದು ಅಲ್ಲಿಗೇ. ಅಗಲ ಮರಳು, ಎಷ್ಟು ನಡೆದ್ರೂ ಮೊಣಕಾಲು ನೀರು. ಅಲ್ಲಿ ಕೂತು ಅಮ್ಮನಿಗೆ ವೀಡಿಯೋ ಮಾಡಿದ್ರೆ ಊರಲ್ಲಿ ಇನ್ನೂ ಮಧ್ಯಾಹ್ನ ಮೂರೋ ಮೂರೂವರೆಯೋ, ಮೂರೂವರೆ ಗಂಟೆ ಹಿಂದೆ ನಾವು. ಇಲ್ಲಿ ಮುಳುಗಿದ್ದು ಇನ್ನು ಸ್ವಲ್ಪ ಹೊತ್ತಿಗೆ ಅಲ್ಲಿಗೆ ಬರ್ತದೆ ನೋಡು ಅಮ್ಮ ಅಂತಿದ್ದೆ.

2024ರ ಆಗಸ್ಟಲ್ಲಿ ಕೆಲಸ ಮುಗೀತು. ಕೊನೇ ಶನಿವಾರ ಜಗಲ್ಚಿಗೆ ಹೋದೆ, ತಗೊಳ್ಲಿಕ್ಕಲ್ಲ, ಹೇಳಿ ಬರ್ಲಿಕ್ಕೆ. ಆದ್ರೆ ಹೋಗ್ತಾ ಇದ್ದೇನೆ ಇನ್ನು ಬರೋದಿಲ್ಲ ಅಂತ ಮರ್ಯಾದೆಯಿಂದ ಹೇಳೋ ವಾಕ್ಯ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಹೋದವನಿಗೆ ಅವರ ಮುಖ ಕಂಡ ಕೂಡ್ಲೇ ಮರ್ತು ಹೋಯ್ತು. "ಇಂದೋ?" ಅಂದ್ರು. ಹೂಂ ಅಂದೆ. ಎರಡು ಗೊದುಂಗೊ ಎತ್ತಿ ಗೀಟು ಹಾಕಿದ್ರು, ಮತ್ತೆ ಇನ್ನೊಂದು ಸಣ್ಣದನ್ನು ಕೊಸರಿಗೆ ಹಾಕಿದ್ರು. ರೂಮಲ್ಲಿ ಆಗಲೇ ಗ್ಯಾಸ್ ಕಟ್ ಮಾಡಿಸಿ ಆಗಿತ್ತು, ಫ್ರಿಜ್ ಆಫ್. ತಗೊಂಡು ಹೋಗಿ ಓನರ್ ಅಜ್ಜಿಗೆ ಕೊಟ್ಟೆ. ಅವ್ರು ಕವರ್ ಬಿಡಿಸಿ ಗೀಟು ನೋಡಿ ಇದೆಂತ ಕಡಿದದ್ದು ಅಂತ ಬೈದು ಒಳಗೆ ಇಟ್ಟುಕೊಂಡ್ರು. ಮೂಳೆ ಅಡುಗೆ ಕಸಕ್ಕಲ್ಲ ಅಂತ ನಾನು ಹಂದಿ ಸದ್ದು ಮಾಡಿ ತೋರಿಸಿದೆ.